ಆಪಂಡಿ, ಆಪಕಂಡಿ ಮತ್ತು ನಮ್ಮನೆಯವರ ಆಸ್ಪಿರಿನ್

ವಿಶಾಖಪಟ್ಟಣದ ದೊಡ್ಡ ಆಸ್ಪತ್ರೆಯೊಂದರ ಅಧೀಕ್ಷಕರ ಕುರ್ಚಿಯಲ್ಲಿ ಆಸೀನರಾಗಿರುವ ಮಾನ್ಯರೇ,

ನನ್ನ ಗಂಡ ಆಜ್ಞೆ ಮೀರುವ ಮನುಷ್ಯರಲ್ಲ. ಇದಿಷ್ಟನ್ನೇ ಬರೆದು ಪತ್ರ ಮುಗಿಸಬಹುದಿತ್ತು. ಆದರೆ ನಿಮ್ಮ ಆಸ್ಪತ್ರೆಯವರು ಅವರ ಚೀಟಿಯ ಮೇಲೆ "ರೋಗಿ ಸೂಚನೆ ಪಾಲಿಸಿಲ್ಲ" ಎಂದು ಬರೆದು, ಅದರ ಕೆಳಗೊಂದು ಗೆರೆಯನ್ನೂ ಎಳೆದು, ಹರ್ನಿಯಾ ಆಪರೇಷನ್ನನ್ನು ಮುಂದಕ್ಕೆ ಹಾಕಿ ಮನೆಗೆ ಕಳಿಸಿದ್ದಾರೆ. ಆಸ್ಪಿರಿನ್ ಎಂಬ ಪುಟ್ಟ ಮಾತ್ರೆಯನ್ನು ನಿಲ್ಲಿಸಬೇಡಿ ಎಂದು ಹೇಳಿದ್ದರೂ ನಿಲ್ಲಿಸಿದರು ಎಂಬುದು ಅವರ ಮೇಲಿನ ಆರೋಪ. ಹೇಳಿದ್ದು ನಿಜ. ನಿಲ್ಲಿಸಿದ್ದೂ ನಿಜ. ಎರಡೂ ನಿಜವಾಗಿದ್ದು ಅವರು ಹೇಗೆ ನಿರಪರಾಧಿ ಎಂದು ನಿಮಗೆ ತಿಳಿಸುವ ಕೆಲಸ ನನ್ನ ತಲೆಗೆ ಬಂದಿದೆ. ಮುಂದಿನ ವಾರ ಅವರನ್ನು ಮತ್ತೆ ನಿಮ್ಮ ಕತ್ತರಿಯ ಕೆಳಗೆ ಮಲಗಿಸಬೇಕಾಗಿದೆ. ಅಷ್ಟರೊಳಗೆ ತಾವು ಇದನ್ನು ಓದಿ ಮುಗಿಸಿರಬೇಕು.

ಪತ್ರ ಕನ್ನಡದಲ್ಲಿದೆ ಎಂದು ಗಾಬರಿಯಾಗಬೇಡಿ. ನನ್ನ ತೆಲುಗು ನಾವಿರುವ ಗಾಜುವಾಕದ ತರಕಾರಿ ಅಂಗಡಿಗಳಲ್ಲಿ ಕಲಿತದ್ದು. ಅದರಲ್ಲಿ ಬದನೆಕಾಯಿಯ ಬೆಲೆ ಇಳಿಸಬಹುದೇ ಹೊರತು ಅಧೀಕ್ಷಕರ ಜೊತೆ ವಾದಕ್ಕೆ ಇಳಿಯಲಾಗುವುದಿಲ್ಲ. ನನ್ನ ಸೊಸೆ ಹಿಮಬಿಂದು ವಿಜಯವಾಡದವಳು, ಗಂಡನಿಂದ ಅರ್ಥ ಕೇಳಿಕೊಂಡು ತೆಲುಗಿಗೆ ಮಾಡಿಕೊಡುತ್ತೇನೆ ಎಂದಿದ್ದಾಳೆ. ಬಹಳ ಸೌಮ್ಯ ಹುಡುಗಿ. ಹಾಗಾಗಿ ನಿಮ್ಮ ಕೈ ಸೇರುವ ಪ್ರತಿಯಲ್ಲಿ ಬೈಗುಳವೆಲ್ಲ ಸೋಸಿ ಹೋಗಿರುತ್ತದೆ. ಪೂರ್ತಿ ಬೇಕೆನಿಸಿದರೆ ನೌಕಾನೆಲೆಯ ಕಡೆ ಯಾರನ್ನಾದರೂ ಕಳಿಸಿ. ಹಾಸನದವರು, ಮಂಡ್ಯದವರು ಬೇಕಾದಷ್ಟು ಜನ ಇದ್ದಾರೆ, ಖುಷಿಯಿಂದ ಓದಿ ಹೇಳುತ್ತಾರೆ.

ಆರೋಪಿಯ ಹೆಸರು ಸೀನಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನಮ್ಮತ್ತೆ ಕಲಿಸಿದ್ದರು. ನಿಮ್ಮ ಆಸ್ಪತ್ರೆಯ ಕಿಟಕಿಗಳ ಮುಂದೆ ಆ ಹೆಸರನ್ನು ಕೂಗಿ ಕೂಗಿ ನಾಚಿಕೆ ಬಿಟ್ಟುಹೋಯಿತು. ನಾವು ಚನ್ನರಾಯಪಟ್ಟಣದ ಕಡೆಯವರು. ಇವರು ನೌಕಾಪಡೆಯಲ್ಲಿ ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದರು. ನಿವೃತ್ತರಾದ ಮೇಲೆ ಸಮುದ್ರ ಬಿಟ್ಟು ಬರಲು ಮನಸ್ಸಾಗದೆ ಇಲ್ಲೇ ನಿಂತೆವು. ಹಡಗಿನಲ್ಲಿ ಒಂದು ಪದ್ಧತಿ ಇದೆಯಂತೆ. ಅಧಿಕಾರಿ ಇಷ್ಟು ತಿರುಗಿಸು ಎಂದರೆ, ಚುಕ್ಕಾಣಿ ಹಿಡಿದವನು ಅದೇ ಮಾತನ್ನು ಗಟ್ಟಿಯಾಗಿ ತಿರುಗಿ ಹೇಳಿ ಆಮೇಲೆ ತಿರುಗಿಸಬೇಕು. ಇವರು ಆ ಅಭ್ಯಾಸವನ್ನು ಮನೆಗೂ ತಂದರು. ನಾನು ಅಡುಗೆಮನೆಯಿಂದ "ಕೊತ್ತಂಬರಿ ಸೊಪ್ಪು ಒಂದು ಕಟ್ಟು" ಎಂದರೆ, ಇವರು ಬಾಗಿಲಲ್ಲಿ ನೆಟ್ಟಗೆ ನಿಂತು "ಕೊತ್ತಂಬರಿ ಸೊಪ್ಪು ಒಂದು ಕಟ್ಟು!" ಎಂದು ಕೂಗಿಯೇ ಚಪ್ಪಲಿ ಮೆಟ್ಟುತ್ತಾರೆ. ಬೀದಿಯ ಜನಕ್ಕೆಲ್ಲ ನಮ್ಮನೆಯ ಅಡುಗೆ ಏನೆಂದು ಬೆಳಿಗ್ಗೆಯೇ ಗೊತ್ತಾಗುತ್ತದೆ. ಇಂಥವರು ಸೂಚನೆ ಪಾಲಿಸಿಲ್ಲವೇ ಸ್ವಾಮಿ?

ಈ ಮಾತ್ರೆ ಅವರ ಬಾಳಿಗೆ ಬಂದದ್ದು ಮಗ ಧೀರಜನ ಮದುವೆ ಮಾತುಕತೆಗೆಂದು ವಿಜಯವಾಡಕ್ಕೆ ಹೋದಾಗ. ಮಾತುಕತೆ ಮುಗಿಸಿ ಬೀಗರು ನಮ್ಮನ್ನು ಕೊಂಡಪಲ್ಲಿಗೆ ಮರದ ಗೊಂಬೆ ನೋಡಲು ಕರೆದುಕೊಂಡು ಹೋದರು. ಎತ್ತಿನ ಗಾಡಿಯ ಗೊಂಬೆಯೊಂದಕ್ಕೆ ಚೌಕಾಸಿ ಮಾಡುತ್ತ ಮಾಡುತ್ತ ಇವರು ಎದೆ ಹಿಡಿದುಕೊಂಡು ಕುಕ್ಕರಿಸಿದರು. ಅಂಗಡಿಯವನು ಇದೂ ಚೌಕಾಸಿಯ ಒಂದು ವರಸೆ ಎಂದುಕೊಂಡು ಬೆಲೆ ಇಳಿಸಿದ. ಬೆವರು ನೋಡಿದ ಮೇಲೆ ಪಾಪ, ಅವನೇ ಆಟೋ ಕರೆಸಿದ. ವಿಜಯವಾಡದಲ್ಲಿ ಹೃದಯದ ವೈದ್ಯರು ಸ್ಟೆಂಟ್ ಹಾಕಿ, ಮುಚ್ಚಿದ್ದ ರಕ್ತನಾಳ ತೆರೆದು, ಮನೆಗೆ ಕಳಿಸುವಾಗ ಇವರಿಗೆ ತಿಳಿಯುವ ಹಿಂದಿಯಲ್ಲಿ ಹೇಳಿದರು: ಈ ಆಸ್ಪಿರಿನ್ ನಿಮ್ಮ ಕಾವಲುಗಾರ, ನನ್ನನ್ನು ಕೇಳದೆ ಇವನಿಗೆ ರಜೆ ಕೊಡಬೇಡಿ. ಅಂದಿನಿಂದ ಕಾವಲುಗಾರನಿಗೆ ಒಂದೇ ಒಂದು ದಿನ ರಜೆ ಸಿಕ್ಕಿರಲಿಲ್ಲ. ಮಗನ ಮದುವೆಯ ದಿನ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮಾತ್ರೆಯ ನೆನಪಾಗಿ, ಅಕ್ಷತೆ ಹಾಕಬೇಕಾದ ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಮಾವ ಇವರೊಬ್ಬರೇ ಇರಬೇಕು. ಫೋಟೋ ಇದೆ, ಬೇಕಾದರೆ ಕಳಿಸುತ್ತೇನೆ.

ಈಗ ಹರ್ನಿಯಾ. ಸೊಸೆಯ ತವರಿನಿಂದ ಬಂದ ಗ್ರೈಂಡರನ್ನು ಮಹಡಿಗೆ ಸಾಗಿಸಲು ಇಬ್ಬರು ಆಳು ಸಾಕು ಎಂದು ನಾನಂದೆ. ಆಳು ಯಾಕೆ, ಹಡಗಿನ ಲಂಗರು ನೋಡಿದವನು ನಾನು ಎಂದರು ಇವರು. ನೋಡಿದ್ದಕ್ಕೂ ಎತ್ತಿದ್ದಕ್ಕೂ ವ್ಯತ್ಯಾಸವಿದೆ ಎಂದು ತೊಡೆಸಂದಿಯಲ್ಲಿ ಬಂದ ಗಂಟು ತಿಳಿಸಿಕೊಟ್ಟಿತು. ಗ್ರೈಂಡರ್ ಈಗಲೂ ಕೆಳಗೇ ಇದೆ.

ನಿಮ್ಮಲ್ಲಿಗೆ ಬಂದೆವು. ನಿಮ್ಮ ಶಸ್ತ್ರವೈದ್ಯರು ಆಸ್ಪಿರಿನ್ ಹೆಸರು ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟರು. ರಕ್ತ ತೆಳುವಾಗುತ್ತದೆ, ಕೊಯ್ದರೆ ನಿಲ್ಲುವುದು ಕಷ್ಟ, ಮೊದಲೇ ನಿಲ್ಲಿಸಿ ಬನ್ನಿ ಎಂದರು. ವಿಜಯವಾಡಕ್ಕೆ ಫೋನ್ ಮಾಡಿದೆವು. ಹೃದಯದ ವೈದ್ಯರು ಅಲ್ಲಿಂದಲೇ ಹೌಹಾರಿದರು. ಒಳಗೆ ಸ್ಟೆಂಟ್ ಇದೆ, ಆಪರೇಷನ್ ಎಂದರೆ ಮೈಗೆ ಪೆಟ್ಟು, ಆ ಹೊತ್ತಿನಲ್ಲೇ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ, ಕಳ್ಳ ಬರುವ ದಿನವೇ ಕಾವಲುಗಾರನನ್ನು ಮನೆಗೆ ಕಳಿಸುತ್ತೀರಾ ಎಂದರು. ಅರಿವಳಿಕೆಯ ವೈದ್ಯರನ್ನು ಕೇಳಿದರೆ ಶಸ್ತ್ರವೈದ್ಯರನ್ನು ಕೇಳಿ ಎಂದರು. ಶಸ್ತ್ರವೈದ್ಯರು ಹೃದಯದವರಿಂದ ಬರೆಸಿಕೊಂಡು ಬನ್ನಿ ಎಂದರು. ಹೃದಯದವರು ಬರೆದು ಕಳಿಸಿದರು: "ಸೂಕ್ತ ಎಚ್ಚರಿಕೆಯೊಂದಿಗೆ ಮುಂದುವರಿಯಬಹುದು." ಏನು ಮುಂದುವರಿಯಬಹುದು? ಮಾತ್ರೆಯೋ, ಆಪರೇಷನ್ನೋ? ನಮ್ಮನೆಯವರು ಎರಡೂ ಕಡೆ "ಸರಿ ಸಾರ್" ಎಂದು ತಿರುಗಿ ಹೇಳಿ, ಒಂದು ಆಜ್ಞೆಯಂತೆ ಎಡಕ್ಕೂ ಇನ್ನೊಂದರಂತೆ ಬಲಕ್ಕೂ ತಿರುಗಿ ಸೋಫಾದ ಮೇಲೆ ಸುಮ್ಮನೆ ಕೂತುಬಿಟ್ಟರು.

ನಾನು ವೈದ್ಯರನ್ನು ಹಳಿಯುತ್ತಿಲ್ಲ, ಸ್ವಲ್ಪ ಮಾತ್ರ ಹಳಿಯುತ್ತಿದ್ದೇನೆ. ಇಬ್ಬರ ಮಾತಿನಲ್ಲೂ ಅರ್ಥವಿದೆ ಎಂದು ನನಗೂ ತಿಳಿಯುತ್ತದೆ. ಒಬ್ಬರಿಗೆ ರಕ್ತ ಸೋರುವ ಚಿಂತೆ, ಇನ್ನೊಬ್ಬರಿಗೆ ಕಟ್ಟಿಕೊಳ್ಳುವ ಚಿಂತೆ. ಈ ಮಾತ್ರೆ ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ನಮ್ಮ ಪಕ್ಕದ ಮನೆಯ ಜಗನ್ಮೋಹನ್ ಗಾರು ತೋರಿಸಿಕೊಟ್ಟರು. ಅವರ ಹೃದಯ ಗಟ್ಟಿಮುಟ್ಟು, ಸ್ಟೆಂಟಿನ ಸುದ್ದಿಯೇ ಇಲ್ಲ. ಕಾಂಪೌಂಡಿನಾಚೆಯಿಂದ ನಮ್ಮ ಚರ್ಚೆ ಕೇಳಿಸಿಕೊಂಡು, ತಾವೂ ಹಲ್ಲು ಕೀಳಿಸಲು ಹೋಗುವ ಮುನ್ನ ಹೃದಯಕ್ಕೆ ರಕ್ಷಣೆಯಿರಲಿ ಎಂದು ಯಾರನ್ನೂ ಕೇಳದೆ ಆಸ್ಪಿರಿನ್ ನುಂಗಿದರು. ಹೃದಯಕ್ಕೇನೂ ಲಾಭವಾಗಲಿಲ್ಲ. ಸಂಜೆಯವರೆಗೆ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದರು, ಆ ಒಂದು ಸಂಜೆ ನಮ್ಮ ಬೀದಿಯಲ್ಲಿ ರಾಜಕೀಯ ಚರ್ಚೆ ನಡೆಯಲಿಲ್ಲ. ಹಾಗಾಗಿ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಅಳೆದು ಹೇಳುವುದು ನಿಮ್ಮ ಕೆಲಸವೇ, ನಮ್ಮದಲ್ಲ. ನನ್ನ ತಕರಾರು ನೀವು ಅಳೆದದ್ದರ ಬಗ್ಗೆ ಅಲ್ಲ, ಹೇಳಿದ್ದರ ಬಗ್ಗೆ.

ಕೊನೆಗೆ ನಿಮ್ಮ ಶಸ್ತ್ರವೈದ್ಯರೂ ವಿಜಯವಾಡದವರೂ ತಾವೇ ಫೋನಿನಲ್ಲಿ ಮಾತಾಡಿಕೊಂಡರು. ಮೊದಲೇ ಮಾತಾಡಿದ್ದರೆ ನಮ್ಮ ಚಪ್ಪಲಿ ಉಳಿಯುತ್ತಿತ್ತು, ಇರಲಿ. ಇವರಿಗೆ ಸ್ಟೆಂಟ್ ಇರುವುದರಿಂದ ಆಸ್ಪಿರಿನ್ ನಡೆಯಲಿ, ರಕ್ತವನ್ನು ನಾವು ನೋಡಿಕೊಳ್ಳುತ್ತೇವೆ ಎಂದು ತೀರ್ಮಾನವಾಯಿತು. ಅದನ್ನು ರೋಗಿಗೆ ತಿಳಿಸುವ ಭಾರ ನಿಮ್ಮ ಕಿರಿಯ ವೈದ್ಯರೊಬ್ಬರ ಮೇಲೆ ಬಿತ್ತು. ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ಕಿರಿಯ ವೈದ್ಯರು ನಡೆಯುತ್ತಲೇ ತೆಲುಗಿನಲ್ಲಿ ಹೇಳಿದರು: "ಟ್ಯಾಬ್ಲೆಟ್ ಆಪಕಂಡಿ." ಇವರು ಹಡಗಿನ ಪದ್ಧತಿಯಂತೆ ನೆಟ್ಟಗೆ ನಿಂತು, "ಟ್ಯಾಬ್ಲೆಟ್ ಆಪಕಂಡಿ, ಸಾರ್!" ಎಂದು ಒಂದಕ್ಷರ ಬಿಡದೆ ತಿರುಗಿ ಹೇಳಿದರು. ವೈದ್ಯರಿಗೆ ಬಹಳ ಸಂತೋಷವಾಯಿತು. "ಅದೀ!" ಎಂದು ಬೆನ್ನು ತಟ್ಟಿ ಹೋದರು.

ಮಾನ್ಯರೇ, ನಿಮಗೆ ಅದು ಎರಡನೇ ಬಾರಿ ಯೋಚಿಸುವ ಮಾತೇ ಅಲ್ಲ. ತೆಲುಗಿನಲ್ಲಿ "ಆಪಂಡಿ" ಎಂದರೆ ನಿಲ್ಲಿಸಿ, "ಆಪಕಂಡಿ" ಎಂದರೆ ನಿಲ್ಲಿಸಬೇಡಿ. ನಡುವೆ ಒಂದು "ಕ" ಮಾತ್ರ. ಆ "ಕ"ದ ಮೇಲೆ ಮನುಷ್ಯನ ಹೃದಯವನ್ನೇ ತೂಗಿಹಾಕಿದ್ದೀರಿ. ಇಡೀ ನೌಕರಿಯನ್ನು ಹಿಂದಿಯಲ್ಲಿ ಮುಗಿಸಿದ ಇವರ ತೆಲುಗೆಲ್ಲ ಗಾಜುವಾಕದ ಬಸ್ಸಿನಲ್ಲಿ ಕಲಿತದ್ದು. ಇಳಿಯುವವರು "ಆಪಂಡಿ, ಆಪಂಡಿ" ಎಂದು ಕೂಗಿದರೆ ಬಸ್ಸು ನಿಲ್ಲುತ್ತದೆ. ಅಲ್ಲಿಗೆ "ಆಪು" ಎಂದರೆ ನಿಲ್ಲಿಸು ಎಂದಾಯಿತು. ಇನ್ನು "ಕಂಡಿ". ನಮ್ಮ ಕಡೆ ತಗೊಂಡು ಎನ್ನುವುದಿಲ್ಲ, ತಗಂಡು ಎನ್ನುತ್ತೇವೆ. ಇಟ್ಟುಕೊಂಡು ಎನ್ನುವುದಿಲ್ಲ, ಇಟ್ಕಂಡು. ಕೊಂಡು ಎಲ್ಲವೂ ಕಂಡು. ಇಲ್ಲಿಯವರು ಮರ್ಯಾದೆಯಿಂದ "ತೀಸ್ಕೋಂಡಿ" ಎಂದರೆ ತೆಗೆದುಕೊಳ್ಳಿ, "ಕೂರ್ಚೋಂಡಿ" ಎಂದರೆ ಕೂತುಕೊಳ್ಳಿ. ಹಾಗಾದರೆ "ಆಪಕಂಡಿ" ಎಂದರೆ? ಇವರ ಕಿವಿಯಲ್ಲಿ ಚನ್ನರಾಯಪಟ್ಟಣವೂ ಗಾಜುವಾಕವೂ ಸೇರಿ ಮದುವೆಯಾಗಿ ಒಂದು ಹೊಸ ಅರ್ಥ ಹುಟ್ಟಿತು.

"ಏನಂದ್ರು ರೀ?" ಎಂದು ನಾನು ಕೇಳಿದೆ.

"ಮಾತ್ರೆ ನಿಲ್ಲಿಸ್ಕಳಿ ಅಂದ್ರು ಕಣೇ. ಬರೀ ಆಪಂಡಿ ಅನ್ನಲಿಲ್ಲ, ಆಪಕಂಡಿ ಅಂದ್ರು. ವಯಸ್ಸಾದೋರು ಅಂತ ಮರ್ವಾದಿ ಕೊಟ್ಟವ್ರೆ. ಒಳ್ಳೆ ಹುಡುಗ."

ಹೀಗೆ ಅತಿ ಮರ್ಯಾದೆಯಿಂದ ಕಾವಲುಗಾರನಿಗೆ ರಜೆ ಸಿಕ್ಕಿತು. ನಾನೇ ಡಬ್ಬಿಯಿಂದ ಆ ಮಾತ್ರೆಯ ಪಟ್ಟಿಯನ್ನು ತೆಗೆದು ದೇವರ ಮನೆಯ ಮೇಲಿನ ಗೂಡಿನಲ್ಲಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಂಜೆ ಸೊಸೆ ಬಂದು "ಏಮನ್ನಾರು ಮಾಮಯ್ಯಗಾರೂ?" ಎಂದು, ವೈದ್ಯರು ಏನಂದರೆಂದು ವಿಚಾರಿಸಿದಳು. ಸೊಸೆಯ ಮುಂದೆ ತಮ್ಮ ತೆಲುಗಿನ ಪ್ರತಾಪ ತೋರಿಸುವ ಹುಮ್ಮಸ್ಸಿನಲ್ಲಿ ಇವರು, ನಿಲ್ಲಿಸಿಕೊಳ್ಳಿ ಅಂದರು ಎಂದು ಹೇಳಲು ಹೋಗಿ, "ಆಪುಕೋಮನ್ನಾರು" ಎಂದರು. ಅವಳ ಮುಖ ಕೆಂಪಾಗಿ, ಸರಸರನೆ ಒಳಗೆ ಹೋದಳು. ನಮಗೇನು ಗೊತ್ತು? ತೆಲುಗಿನಲ್ಲಿ ಆ ಮಾತಿಗೆ ಮೂತ್ರ ಬಂದರೂ ತಡೆದುಕೊಳ್ಳಿ ಎಂದರ್ಥವಂತೆ. ಇಂಥ ವಿಚಾರವನ್ನು ಯಾವ ಸೊಸೆ ಮಾವನನ್ನು ಎರಡನೇ ಬಾರಿ ಕೇಳುತ್ತಾಳೆ? ವೈದ್ಯರೇ ಹೇಳಿದ ಮೇಲೆ ತನ್ನ ಕೈಲಾದ ಸಹಾಯ ಮಾಡಬೇಕೆಂದು ಅವಳು ನಿರ್ಧರಿಸಿದಳು. ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ ನಮ್ಮನೆಯಲ್ಲಿ ಮಜ್ಜಿಗೆ ಮಾಯವಾಯಿತು. ಕಲ್ಲಂಗಡಿ ಮನೆಯೊಳಗೆ ಬರಲಿಲ್ಲ. ಇವರ ಕಾಫಿ ಲೋಟ ಕುಗ್ಗುತ್ತ ಕುಗ್ಗುತ್ತ ತೀರ್ಥದ ಉದ್ಧರಣೆಯ ಮಟ್ಟಕ್ಕೆ ಬಂತು. ಇವರು ಬಚ್ಚಲ ಕಡೆ ಹೆಜ್ಜೆಯಿಟ್ಟರೆ ಅವಳು ಅಡುಗೆಮನೆಯಿಂದ ಅಳುವ ದನಿಯಲ್ಲಿ, ಸ್ವಲ್ಪ ತಡೆದುಕೊಳ್ಳಿ ಎಂದು, "ಕಾಸ್ತ ಆಪುಕೋಂಡಿ ಮಾಮಯ್ಯಗಾರೂ" ಎನ್ನುವಳು. ಮಾತ್ರೆಯ ಬಗ್ಗೆ ಎಷ್ಟು ಕಾಳಜಿ ಈ ಹುಡುಗಿಗೆ ಎಂದು ಇವರು ಕರಗಿಹೋಗಿ, "ಆಪುಕುನ್ನಾನಮ್ಮಾ, ಎಪ್ಪುಡೋ ಆಪುಕುನ್ನಾನು!" ಎನ್ನುವರು. ಆಗಲೇ ನಿಲ್ಲಿಸಿದ್ದೇನಮ್ಮಾ ಎಂದು ಇವರ ಅರ್ಥ, ಆಗಲೇ ತಡೆದುಕೊಂಡಿದ್ದೇನಮ್ಮಾ ಎಂದು ಅವಳ ಕಿವಿಗೆ. "ಎಂತ ಓಪಿಕ!" ಎಂದು, ಮಾವನ ತಾಳ್ಮೆಗೆ ಅವಳು ಕಣ್ಣೊರೆಸಿಕೊಳ್ಳುವಳು.

ಕೊನೆಗೆ ತಡೆಯಲಾರದೆ ಅವಳು ತಾಯಿಗೆ ಫೋನ್ ಮಾಡಿದಳು. ನಮ್ಮ ಬೀಗಿತ್ತಿ ಕೋಟೇಶ್ವರಮ್ಮನವರು ಫೋನಿನಲ್ಲಿ ಬಗೆಹರಿಯುವ ಜಗಳವನ್ನೂ ರೈಲು ಹತ್ತಿ ಬಂದು ಬಗೆಹರಿಸುವ ಹೆಂಗಸು. ಆಪರೇಷನ್ನಿಗೆ ಸೇರಿಸುವ ಹಿಂದಿನ ದಿನ ದುವ್ವಾಡ ಸ್ಟೇಷನ್ನಿನಲ್ಲಿ ಇಳಿದು, ನಮ್ಮನೆ ಮುಂದೆ ಆಟೋದಿಂದ ಕಾಲು ಕೆಳಗಿಡುವ ಮುಂಚೆಯೇ, "ಏ ಡಾಕ್ಟರಂಡೀ ಆ ಮಾಟ ಚೆಪ್ಪಿಂದಿ?" ಎಂದು ಗುಡುಗಿದರು. ಯಾವ ಡಾಕ್ಟರು ಆ ಮಾತು ಹೇಳಿದ್ದು? ಇವರು ಗಾಬರಿಯಿಂದ ನೆಟ್ಟಗೆ ನಿಂತು, ಕೇಳಿದ ಆಜ್ಞೆಯನ್ನು ಕೇಳಿದ ಹಾಗೆಯೇ ಒಪ್ಪಿಸಿದರು: "ಟ್ಯಾಬ್ಲೆಟ್ ಆಪಕಂಡಿ!"

ಬೀಗಿತ್ತಿ ಹಣೆ ಚಚ್ಚಿಕೊಂಡರು. "ಅಯ್ಯೋ ಅನ್ನಯ್ಯಗಾರೂ, ಆಪಕಂಡಿ ಅಂಟೇ ಆಪೊದ್ದನಿ!"

ನಿಲ್ಲಿಸಬೇಡಿ ಎಂದು. ಸೊಸೆ ನಕ್ಕಳು, ಮಗ ನಕ್ಕ, ಜಗನ್ಮೋಹನ್ ಗಾರು ಕಾಂಪೌಂಡಿನಾಚೆ ನಕ್ಕರು. ನಾನೂ ನಗಲು ಬಾಯಿ ತೆರೆದೆ, ಆಗಲಿಲ್ಲ. ಗೂಡಿನಲ್ಲಿಟ್ಟ ಮಾತ್ರೆಯ ಪಟ್ಟಿ ಕಣ್ಣಿಗೆ ಬಂತು. ಇಷ್ಟು ದಿನ ಅವರು ನನ್ನ ಪಕ್ಕದಲ್ಲಿ ಗೊರಕೆ ಹೊಡೆದು ಮಲಗುತ್ತಿದ್ದಾಗ ಒಳಗೆ ಕಾವಲಿರಲಿಲ್ಲ. ನಾನು ಆ ಗೊರಕೆಯನ್ನು ಬೈದುಕೊಂಡು ಮಗ್ಗುಲಾಗುತ್ತಿದ್ದೆ. ನನಗೆ ಭಯವಾಯಿತು ಮಾನ್ಯರೇ, ಇದನ್ನು ವ್ಯಂಗ್ಯವಾಗಿ ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ನಾವು ಮಾಡಿದ್ದೇನು? ಬಾಯಿ ಮುಚ್ಚಿಕೊಂಡು ಬಂದು ಮಲಗಿಬಿಡಬಹುದಿತ್ತು. ಇವರು ಒಪ್ಪಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ನಿಮ್ಮವರ ಮುಂದೆ ನಡೆದದ್ದನ್ನೆಲ್ಲ ಹೇಳಿಕೊಂಡರು. ನಿಮ್ಮವರು ಮತ್ತೆ ವಿಜಯವಾಡಕ್ಕೆ ಫೋನ್ ಮಾಡಿ, ಮಾತ್ರೆ ಮರಳಿ ಶುರು ಮಾಡಿಸಿ, ಆಪರೇಷನ್ನನ್ನು ಮುಂದಕ್ಕೆ ಹಾಕಿದರು. ಅದು ಸರಿಯೇ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿಜ ಹೇಳಿದ್ದಕ್ಕೆ ಬಹುಮಾನವಾಗಿ ಚೀಟಿಯ ಮೇಲೆ ಆ ಸಾಲು ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಮಗ ಓದಿ ಹೇಳಿದ. ಮನೆಗೆ ಬಂದು ಇವರು, "ನಾನೇನ್ ಹಂಗಾರೆ ಹುಕುಂ ಮೀರ್ದೋನಾ ಗೌರಿ? ಅವ್ರು ಅಂದಿದ್ದುನ್ನ ಅಂಗೇ ತಿರುಗ್ಸಿ ಹೇಳ್ಲಿಲ್ವಾ?" ಎಂದು ಕೇಳಿದರು. ಈಗ ಮತ್ತೆ ನಿಮ್ಮ ಆಸ್ಪತ್ರೆಗೆ ಬರಲಾರೆ, ಗಂಟು ಇದ್ದರೆ ಇರಲಿ ಎಂದು ಹಟ ಹಿಡಿದು ಕೂತಿದ್ದಾರೆ. ಅವರನ್ನು ಎಬ್ಬಿಸಬೇಕಾದವರು ತಾವು.

ನಾನು ಕೇಳುತ್ತೇನೆ. ಸೂಚನೆ ಎಂದರೆ ಯಾವುದು? ಹೇಳುವವರ ಬಾಯಿಂದ ಹೊರಟದ್ದೋ, ಕೇಳುವವರ ಕಿವಿಗೆ ತಲುಪಿದ್ದೋ? ಕಾಗದ ಹಾಕಿದವನು ವಿಳಾಸ ತಪ್ಪು ಬರೆದರೆ, ಕಾಗದ ಸಿಗದವನನ್ನು ಹಿಡಿದು ಶಿಕ್ಷಿಸುತ್ತಾರೆಯೇ? ಒರಿಸ್ಸಾದಿಂದ, ಬಂಗಾಳದಿಂದ, ಕೇರಳದಿಂದ ಬಂದ ಹಡಗಿನವರು, ಉಕ್ಕಿನ ಕಾರ್ಖಾನೆಯವರು ತುಂಬಿರುವ ಊರಿದು; ಇವರೆಲ್ಲರ ಕಿವಿಯಲ್ಲಿ "ಆಪಕಂಡಿ" ಯಾವ ಯಾವ ವೇಷ ಹಾಕುತ್ತದೆಯೋ ತಾವು ಯಾವತ್ತಾದರೂ ಯೋಚಿಸಿದ್ದೀರಾ? ಅಷ್ಟಕ್ಕೂ, ಬೇಡದ್ದನ್ನು ಹೇಳಿ ಬೇಕಾದ್ದನ್ನು ಊಹಿಸಿಕೊಳ್ಳಿ ಎನ್ನುವುದು ಎಲ್ಲಿಯ ನ್ಯಾಯ? "ನಿಲ್ಲಿಸಬೇಡಿ" ಎನ್ನುವ ಬದಲು "ದಿನಾ ಬೆಳಿಗ್ಗೆ ತಗೊಳ್ಳಿ, ಆಪರೇಷನ್ ದಿನವೂ ತಗೊಳ್ಳಿ" ಎಂದಿದ್ದರೆ ಯಾವ ಬಸ್ಸೂ, ಯಾವ ಬಚ್ಚಲೂ ನಡುವೆ ಬರುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ "ರೋಗಿ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದಾರೆ, ಅದೇ ತೊಂದರೆಯಾಯಿತು" ಎಂದು ಬರೆಸಿ. ಇನ್ನು ಮುಂದೆ ನಿಮ್ಮಲ್ಲಿ ಯಾರಿಗೇ ಮಾತ್ರೆಯ ವಿಚಾರ ಹೇಳಿದರೂ ನಿಂತು ಹೇಳಲಿ, ನಡೆಯುತ್ತ ಬೇಡ. ಹೇಳಿದ ಮಾತನ್ನೇ ತಿರುಗಿ ಹೇಳಿಸಿದರೆ ಪ್ರಯೋಜನವಿಲ್ಲವೆಂದು ನಮ್ಮನೆಯವರು ಸಾಬೀತು ಮಾಡಿದ್ದಾರೆ. ಗಿಣಿಯೂ ಅಷ್ಟು ಮಾಡುತ್ತದೆ. "ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ?" ಎಂದು ಕೇಳಿ, ಅವರವರ ಮಾತಿನಲ್ಲಿ ಉತ್ತರ ಬರುವವರೆಗೆ ಬಾಗಿಲು ಬಿಡಬೇಡಿ. ಆಪರೇಷನ್ ಆದ ಮೇಲೂ ಯಾರಾದರೂ ಬಂದು ಈ ಮಾತ್ರೆಯ ಬಗ್ಗೆ ಏನಾದರೂ ಹೇಳಿಯೇ ಹೇಳುತ್ತಾರಲ್ಲ, ಆಗ ನಾನು ಔಷಧಿಯ ಸಾಲಿನಲ್ಲಿ ಇರುವುದಿಲ್ಲ. ಮಂಚದ ಪಕ್ಕದಲ್ಲೇ ಇರುತ್ತೇನೆ, ಬೀಗಿತ್ತಿಯ ಜೊತೆ.

ಕಡೆಯದಾಗಿ ಒಂದು ಮಾತು. ನನ್ನ ಮಗ ಈಗ ಸಿಟ್ಟು ಬಂದರೆ ತೆಲುಗಿನಲ್ಲೇ ರೇಗುತ್ತಾನೆ. ಮೊಮ್ಮಗಳು ವರ್ಷಾ ನನ್ನನ್ನು ಅಜ್ಜಿ ಎನ್ನದೆ ನಾಯನಮ್ಮ ಎನ್ನುತ್ತಾಳೆ. ನಾನು ಕನ್ನಡದಲ್ಲಿ ಗದರಿದರೆ ಹಾಡು ಹೇಳುತ್ತಿದ್ದೇನೆಂದು ಚಪ್ಪಾಳೆ ತಟ್ಟುತ್ತಾಳೆ. ನಾನು ಬೈದರೆ ಒಂದೊಂದು ಮಾತೂ ಅರ್ಥವಾಗಿ, ಎಲ್ಲಿ ತಾಗಬೇಕೋ ಅಲ್ಲಿ ತಾಗಿ, ಅಷ್ಟೇ ಖಾರವಾಗಿ ತಿರುಗಿ ಹೇಳುವ ಮನುಷ್ಯ ಈ ಮನೆಯಲ್ಲಿ ಒಬ್ಬರೇ ಉಳಿದಿದ್ದಾರೆ. ಈ ವಯಸ್ಸಿನಲ್ಲಿ ನಾನು ಇನ್ನೊಂದು ಭಾಷೆಯಲ್ಲಿ ಜಗಳ ಕಲಿಯಲಾರೆ. ಗಂಟು ತೆಗೆಯಿರಿ, ಹೃದಯವನ್ನು ಕಾಯಿರಿ, ನನ್ನ ಬೈಗುಳ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರನ್ನು ನನಗೆ ವಾಪಸ್ ಕೊಡಿ.

ಇಂತಿ,
ಎದುರು ಮಾತಿಲ್ಲದ ಮನೆಯಲ್ಲಿ ಬಾಳಲು ತಯಾರಿಲ್ಲದ,
ಮಂಗಳಾಗೌರಿ
ಗಾಜುವಾಕ, ವಿಶಾಖಪಟ್ಟಣ
ಜೂನ್ ೨೦೧೯